ಉಳಿದ ಮಾತ್ರೆ ಎತ್ತಿಡಬೇಡ, ಪುಟ್ಟಿ

ಸೋಮವಾರಪೇಟೆ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ಅಪ್ಪ, "ಬಿಡೇ, ಅವಳೇನು ಚಿಕ್ಕವಳಾ" ಅಂದರು. ನನಗೆ ಬಿಡೋಕಾಗಲಿಲ್ಲ. ಗದರಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆದರೆ "ಉರಿಮೂತ್ರ ನಿಂತಿತು, ಉಳಿದ ಮಾತ್ರೆ ಎತ್ತಿಟ್ಟಿದ್ದೀನಿ" ಅಂದೆಯಲ್ಲ, ನನಗೆ ನಿನ್ನ ಅತ್ತೆಯೇ ಕಣ್ಣ ಮುಂದೆ ಬಂದರು.

2018ರ ಆಗಸ್ಟ್. ಉರಿಮೂತ್ರ ಅಂತ ಅತ್ತೆ ಯಾರಿಗೂ ಬಾಯಿ ಬಿಡಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಯಾರದೋ ಉಳಿದಿದ್ದ ಮಾತ್ರೆ ನುಂಗಿಕೊಂಡು ಓಡಾಡ್ತಿದ್ದರು. ಆಮೇಲೆ ಒಂದು ರಾತ್ರಿ ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜರಿದು ಮಡಿಕೇರಿ ದಾರಿ ಮುಚ್ಚಿತ್ತು. ಕರೆಂಟೂ ಇಲ್ಲ. ಮನೆಯಲ್ಲಿದ್ದ ಕಂಬಳಿಯೆಲ್ಲ ಹೊದೆಸಿದರೂ ನಡುಕಕ್ಕೆ ಮಂಚ ಗೋಡೆಗೆ ಬಡೀತಿತ್ತು, ಟಕಟಕ ಅಂತ. ಬೆಳಕು ಹರಿದ ಮೇಲೆ ಜೀಪಿನಲ್ಲಿ ಶನಿವಾರಸಂತೆ ಮೇಲೆ ಹಾಸನಕ್ಕೆ ಒಯ್ದೆವು. ಸೋಂಕು ಕಿಡ್ನಿಗೆ ಏರಿದೆ ಅಂದರು. ಉಳಿದುಕೊಂಡರು, ಸರಿ. ಜೋರು ಮಳೆ ಬಂದರೆ ನನಗೆ ಈಗಲೂ ಆ ಮಂಚದ ಸದ್ದೇ.

ನೀನು ಮಾತ್ರ ಒಬ್ಬಳೇ ಹೋಗಿ, ನಾಚದೆ ಹೇಳಿ, ಮಾತ್ರೆ ಶುರು ಮಾಡೋ ಮೊದಲೇ ಯೂರಿನ್ ಕಲ್ಚರಿಗೆ, ಅಂದರೆ ಮೂತ್ರದಲ್ಲಿ ಯಾವ ಕ್ರಿಮಿ ಇದೆ, ಯಾವ ಮಾತ್ರೆಗೆ ಜಗ್ಗುತ್ತೆ ಅಂತ ನೋಡೋ ಪರೀಕ್ಷೆಗೆ, ಕೊಟ್ಟು ಬಂದೆ. ಅದನ್ನು ಪಕ್ಕದ ಮನೆಯವರಿಗೂ ಹೇಳಿಕೊಂಡೆ, ಬೈಬೇಡ.

ಈಗ ಕೇಳು. ಉರಿ ನಿಂತ ಮಾತ್ರಕ್ಕೆ ಸೋಂಕು ಹೋಯಿತು ಅಂತಲ್ಲ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ನಡುವೆ ಬಿಟ್ಟಿದ್ದೀನಿ, ಈಗೇನು ಮಾಡಲಿ ಅಂತ ಕೇಳು. ತಪ್ಪಿದ್ದಕ್ಕೆ ಸೇರಿಸಿ ಎರಡು ನುಂಗಬೇಡ. ನಿಂಗೆ ಕೊಟ್ಟಿರೋದು ನೈಟ್ರೋಫ್ಯುರಾಂಟೊಯಿನ್, ಮೂತ್ರದ ಸೋಂಕಿಗೆ ಕೊಡೋ ಆಂಟಿಬಯೋಟಿಕ್. ಊಟದ ಜೊತೆಗೇ ತಗೋ, ಇಲ್ಲದಿದ್ದರೆ ಹೊಟ್ಟೆ ತೊಳೆಸುತ್ತೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಮಾತ್ರೆಯದೇ ಬಣ್ಣ. ಉರಿಗೆ ಅಂತ ಮೆಡಿಕಲ್ ಶಾಪಿನವರು ಕೊಡೋ ಸಿರಪ್ ಕೇಳದೆ ಕುಡೀಬೇಡ. ಅದರಿಂದ ಮೂತ್ರದ ಹುಳಿ ಕಡಿಮೆಯಾದರೆ ಈ ಮಾತ್ರೆಯ ಕಸುವೂ ಕುಗ್ಗುತ್ತೆ. ಮೈಮೇಲೆ ದದ್ದು, ಮುಖ ಊದಿಕೊಳ್ಳೋದು, ಉಸಿರಾಟಕ್ಕೆ ಕಷ್ಟ ಏನಾದರೂ ಆದರೆ ಮಾತ್ರೆ ನಿಲ್ಲಿಸಿ ಸೀದಾ ಆಸ್ಪತ್ರೆಗೆ ಹೋಗು. ಜ್ವರ, ಚಳಿ, ಬೆನ್ನುನೋವು ಬಂದರೂ ಅಷ್ಟೇ, ಬೆಳಗಾಗಲಿ ಅಂತ ಕಾಯಬೇಡ. ರೂಮ್‌ಮೇಟ್‌ಗೆ ಕೊಡೋ ದೊಡ್ಡಸ್ತಿಕೆಯೂ ಬೇಡ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಸುಮ್ಮನೆ ಎಳೆದಿಲ್ಲ, ಚೀಟಿ ಇಲ್ಲದೆ ತಗೋಬಾರದು ಅಂತ.

ಭಾಷಣ ಉದ್ದವಾಯ್ತು, ಗೊತ್ತು.

ಕಲ್ಚರ್ ರಿಪೋರ್ಟ್ ಬಂದ ಕೂಡಲೇ ತೋರಿಸು. ಕ್ರಿಮಿ ಈ ಮಾತ್ರೆಗೆ ಜಗ್ಗದಿದ್ದರೆ ಬದಲಿಸ್ತಾರೆ. ಕಾಫಿಪುಡಿ ಈ ಸಲ ಕಳಿಸಲ್ಲ, ಉರಿ ಇರುವಾಗ ಕಾಫಿ ಅದನ್ನು ಇನ್ನೂ ಕೆರಳಿಸಬಹುದು. ತೋಟದವರ ಮನೆಯ ಮಾತಾ ಇದು ಅಂತ ನಗಬೇಡ.

ನಿನ್ನ ಅಮ್ಮ