ಮಗಳಿಗೊಂದು ಪತ್ರ: ಮಾತಾಡುವವನನ್ನು ನಂಬುವ ಮುನ್ನ

ಪ್ರೀತಿಯ ಪುಟ್ಟಿ,

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ ಡ್ರಮ್ಯಾಟಿಕ್ ಮೊನೊಲಾಗ್‌ಗಳನ್ನು, ಅಂದರೆ ಒಂದೇ ಪಾತ್ರ ಎದುರಿಗಿರುವವರ ಮುಂದೆ ಮಾತಾಡುವ ಕವನಗಳನ್ನು, ಎಲ್ಲಿಂದ ಹಿಡಿಯಬೇಕೋ ಗೊತ್ತಾಗುತ್ತಿಲ್ಲ, ಪರೀಕ್ಷೆಗೆ ಪ್ರೀತಿ, ನಂಬಿಕೆ, ವ್ಯಕ್ತಿತ್ವ ಇವುಗಳ ಮೇಲೇ ಪ್ರಶ್ನೆ ಬರುತ್ತದೆ ಅಂತ ಬರೆದಿದ್ದೀಯ. ಮೂರನ್ನೂ ಬೇರೆ ಬೇರೆ ವಿಷಯ ಅಂದುಕೊಂಡು ಹೊರಟರೆ ಉತ್ತರ ಕೆಡುತ್ತದೆ. ಈ ಕವನಗಳಲ್ಲಿ ಪ್ರೀತಿಯಾಗಲಿ ನಂಬಿಕೆಯಾಗಲಿ ಮಾತಾಡುವವನು ತನ್ನ ಪರವಾಗಿ ಹೂಡುವ ವಾದ. ವಾದ ಮಾಡುತ್ತಾ ಮಾಡುತ್ತಾ ಅವನಿಗೇ ಗೊತ್ತಿಲ್ಲದೆ ಬಾಯಿಂದ ಜಾರುವುದು ವ್ಯಕ್ತಿತ್ವ.

ಮೊದಲ ಓದಿಗೆ ಪೆನ್ಸಿಲ್ ಹಿಡಿದು ಕೂತುಕೋ. ಯಾರು ಮಾತಾಡುತ್ತಿದ್ದಾರೆ, ಯಾರ ಎದುರು, ಆ ಹೊತ್ತಿಗೆ ಅವರಿಂದ ಏನಾಗಬೇಕಾಗಿದೆ, ಇಷ್ಟನ್ನು ಅಂಚಿನಲ್ಲಿ ಬರೆ. ಆಮೇಲೆ, ಕೇಳುತ್ತಿರುವವರು ಎಲ್ಲಿ ಅಲುಗಾಡಿದರು ಅಂತ ಹುಡುಕು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಏಕೆಂದರೆ ಕೇಳುವವರ ಮಾತು ಪುಟದ ಮೇಲೆ ಇರುವುದೇ ಇಲ್ಲ. ಮಾತಾಡುವವನು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದ ಕಡೆ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ ಕಡೆ ಅವರು ಸಿಗುತ್ತಾರೆ.

'ಮೈ ಲಾಸ್ಟ್ ಡಚೆಸ್' ತೆಗೆದುಕೋ. 1842ರದು, ಬರೀ 56 ಸಾಲು. ಇಟಲಿಯ ಫೆರಾರಾದ ಡ್ಯೂಕ್ ಪರದೆ ಸರಿಸಿ ಹಿಂದಿನ ಹೆಂಡತಿಯ ಚಿತ್ರ ತೋರಿಸುತ್ತಾನೆ. ನೋಡುತ್ತಿರುವವನು ಒಬ್ಬ ಕೌಂಟ್‌ನ ಕಡೆಯಿಂದ ಮದುವೆ ಮಾತುಕತೆಗೆ ಬಂದ ದೂತ ಅನ್ನುವುದು ಕವನ ಮುಗಿಯುವ ಹೊತ್ತಿಗಷ್ಟೇ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಮೊದಲ ಸಾಲಿಗೆ ವಾಪಸ್ ಹೋಗು. ಅದುವರೆಗೆ ಹಳೆಯ ನೆನಪಿನಂತೆ ಕೇಳಿದ್ದೆಲ್ಲ ಈಗ ಬರಲಿರುವ ಹೆಣ್ಣಿಗೆ ಮುಂಚಿತವಾಗಿ ಹೇಳಿಕಳಿಸುವ ಷರತ್ತಿನಂತೆ ಕೇಳುತ್ತದೆ.

ಅವಳ ಮೇಲೆ ಅವನು ಹೊರಿಸುವ ತಪ್ಪುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡು. ಅವನು ಕೊಟ್ಟ ಒಡವೆಯಂಥ ಕಾಣಿಕೆ, ಪಡುವಣದಲ್ಲಿ ಇಳಿಯುವ ಬೆಳಕು, ಯಾರೋ ತೋಟದಿಂದ ಮುರಿದು ತಂದ ಚೆರ್ರಿಯ ಕೊಂಬೆ, ಅವಳು ಸವಾರಿ ಮಾಡುತ್ತಿದ್ದ ಬಿಳಿ ಹೇಸರಗತ್ತೆ. ಎಲ್ಲಕ್ಕೂ ಅವಳು ಒಂದೇ ಥರ ಖುಷಿಪಟ್ಟಳಂತೆ. ಒಂಬೈನೂರು ವರ್ಷದ ಮನೆತನದ ಹೆಸರು ಕೊಟ್ಟವನಿಗೂ ಚೆರ್ರಿ ತಂದವನಿಗೂ ಒಂದೇ ನಗು. ಅವಳಿಗೆ ಬಿಡಿಸಿ ಹೇಳಬಹುದಿತ್ತು, ಹೇಳಿದರೆ ತಾನು ತಗ್ಗಿದ ಹಾಗೆ, ತಗ್ಗುವುದು ತನ್ನ ಜಾಯಮಾನ ಅಲ್ಲ ಅನ್ನುತ್ತಾನೆ. ಆಮೇಲಿನದು ಒಂದೇ ಉಸಿರಿನ ಮಾತು: ಆಜ್ಞೆ ಕೊಟ್ಟೆ, ನಗುಗಳೆಲ್ಲ ಒಟ್ಟಿಗೇ ನಿಂತುಹೋದವು. ಅಲ್ಲಿಂದ ಮಾತು ನೇರವಾಗಿ ವರದಕ್ಷಿಣೆಗೆ ಹೊರಳುತ್ತದೆ.

ಕೇಳುಗ ಅಲುಗಾಡುವುದು ಇದಾದ ಮೇಲೆ. 'ಬೇಡ, ಒಟ್ಟಿಗೇ ಕೆಳಗಿಳಿಯೋಣ' ಅನ್ನುತ್ತಾನೆ ಡ್ಯೂಕ್. ದೂತ ಮರ್ಯಾದೆಗೆ ಹಿಂದೆ ಸರಿದು ನಿಂತಿರಬಹುದು, ಇಲ್ಲವೇ ಅಲ್ಲಿ ನಿಲ್ಲಲಾರದೆ ಮೆಟ್ಟಿಲ ಕಡೆ ಹೊರಟಿರಬಹುದು. ಎರಡಕ್ಕೂ ಕವನದಲ್ಲಿ ಜಾಗ ಇದೆ. ಎರಡನ್ನೂ ಬರೆ, ನಿನಗೆ ಯಾವುದು ಸರಿ ಕಾಣುತ್ತದೆ, ಯಾಕೆ ಅಂತ ಹೇಳು.

ಇದೇ ಕವನದಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಹಿನ್ನೆಲೆಯಲ್ಲಿ ಫೆರಾರಾದ ನಿಜವಾದ ಡ್ಯೂಕ್ ಎರಡನೆಯ ಅಲ್ಫೋನ್ಸೋ ಮತ್ತು 1561ರಲ್ಲಿ ತೀರಿಕೊಂಡ ಅವನ ಹೆಂಡತಿ ಲುಕ್ರೇಜಿಯಾ ದೆ ಮೆಡಿಚಿ ಇದ್ದಾರೆ ಅನ್ನುವುದು ಸರಿ. ಹಾಗಂತ 'ಡ್ಯೂಕ್ ಹೆಂಡತಿಯನ್ನು ಕೊಲ್ಲಿಸಿದ' ಅಂತ ಇತಿಹಾಸದ ಸಂಗತಿಯ ಹಾಗೆ ಬರೆಯಬೇಡ. ಕವನ ಆ ಹೆಸರುಗಳನ್ನು ಹೇಳುವುದಿಲ್ಲ, ಆಜ್ಞೆ ಏನಿತ್ತು ಅಂತಲೂ ಹೇಳುವುದಿಲ್ಲ. ಕವಿಯನ್ನೇ ಕೇಳಿದಾಗ, ಕೊಲ್ಲಿಸುವ ಆಜ್ಞೆ ಅಂತ ಹೇಳಿ, ಕಾನ್ವೆಂಟಿಗೆ ಕಳಿಸಿಯೂ ಇರಬಹುದು ಅಂತ ಸೇರಿಸಿದ್ದರು.

ಛಂದಸ್ಸನ್ನು ಕಿವಿಯಿಂದಲೇ ಹಿಡಿಯಬೇಕು. ಎರಡೆರಡು ಸಾಲಿಗೆ ಅಂತ್ಯಪ್ರಾಸ ಇದೆ, ಮೊದಲ ಜೋಡಿಯಲ್ಲಾದರೆ 'ವಾಲ್' ಆಮೇಲೆ 'ಕಾಲ್'. ಆದರೆ 'ಕಾಲ್' ಹತ್ತಿರ ವಾಕ್ಯ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ದಾಟುತ್ತದೆ. ಸಾಲಿನ ಕೊನೆಯಲ್ಲಿ ನಿಲ್ಲದೆ ಪೂರ್ಣವಿರಾಮದಲ್ಲಿ ಮಾತ್ರ ನಿಂತು ಜೋರಾಗಿ ಓದು, ಪ್ರಾಸ ಹೆಚ್ಚುಕಡಿಮೆ ಕೇಳಿಸದೇ ಹೋಗುತ್ತದೆ. ಸಲೀಸಾದ ಹರಟೆ ಅನ್ನಿಸುವ ಮಾತಿನ ಅಡಿಯಲ್ಲಿ ಒಂದೇ ಒಂದು ಪ್ರಾಸವೂ ತಪ್ಪಿಲ್ಲ. ಅವನ ಹಿಡಿತ ಎಂಥದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪೋರ್ಫಿರಿಯಾಳ ಪ್ರಿಯಕರ ಮಾತಾಡುವ 'ಪೋರ್ಫಿರಿಯಾಸ್ ಲವರ್' (1836) ಬಗ್ಗೆ 'ಹುಚ್ಚ' ಅಂತ ಒಂದು ಮಾತು ಬರೆದು ಮುಗಿಸುವವರೇ ಜಾಸ್ತಿ. 1842ರಲ್ಲಿ ಕವಿಯೇ ಅದನ್ನು ಹುಚ್ಚಾಸ್ಪತ್ರೆಯ ಕೋಣೆಗಳು ಅನ್ನುವ ತಲೆಬರಹದಡಿ ಹಾಕಿದ್ದು ಹೌದು. ಆದರೂ ಆ ಪದ ಏನನ್ನೂ ವಿವರಿಸುವುದಿಲ್ಲ. ಕ್ರಿಯಾಪದಗಳನ್ನು ನೋಡು. ಮೊದಲರ್ಧದಲ್ಲಿ ಬಿರುಗಾಳಿಯಿಂದ ಒಳಗೆ ಬಂದವಳು ಪೋರ್ಫಿರಿಯಾ, ಬೆಂಕಿ ಎಬ್ಬಿಸಿದವಳು ಅವಳು, ಪಕ್ಕ ಕೂತವಳು, ಕರೆದವಳು, ಅವನ ಕೈ ತೆಗೆದು ತನ್ನ ಸೊಂಟ ಬಳಸಿಕೊಂಡವಳೂ ಅವಳೇ. ಕರೆದರೂ ಅವನು ಓಗೊಡುವುದಿಲ್ಲ. ಅವಳು ತನ್ನವಳು ಅಂತ ಖಾತ್ರಿಯಾದ ಗಳಿಗೆಯಿಂದ ಕ್ರಿಯೆಗಳೆಲ್ಲ ಅವನವಾಗುತ್ತವೆ, ಮೊದಲನೆಯದೇ ಅವಳ ಕೂದಲಿನಿಂದ ಅವಳ ಕುತ್ತಿಗೆಗೆ ಮೂರು ಸುತ್ತು ಬಿಗಿದು ಕೊಲ್ಲುವುದು. ನೋವಾಗಲಿಲ್ಲ, ನೋವಾಗಲಿಲ್ಲ ಅಂತ ಎರಡು ಸಲ ಹೇಳುತ್ತಾನೆ. ಒಂದೇ ಸಲ ಹೇಳಿದ್ದರೆ ನಂಬಬಹುದಿತ್ತೇನೋ. ಕೊನೆಯ ಸಾಲಿನಲ್ಲಿ ದೇವರು ಇನ್ನೂ ಒಂದು ಮಾತೂ ಆಡಿಲ್ಲ ಅನ್ನುತ್ತಾನೆ. ಪ್ರೀತಿಯ ಪ್ರಶ್ನೆಯೂ ನಂಬಿಕೆಯ ಪ್ರಶ್ನೆಯೂ ಆ ಒಂದು ಸಾಲಿನಲ್ಲಿ ಕೂಡುತ್ತವೆ.

ನಂಬಿಕೆಗೆ ನನ್ನ ಆಯ್ಕೆ 1855ರ ಸಂಪುಟದ 'ಕಾರ್ಶಿಶ್'. ಅದು ಪತ್ರದ ರೂಪದಲ್ಲಿದೆ. ಬೆಥನಿಗೆ ಬಂದ ಅರಬ್ ವೈದ್ಯನೊಬ್ಬ ಗುರು ಅಬೀಬ್‌ಗೆ ವರದಿ ಬರೆಯುತ್ತಾನೆ. ಬೈಬಲ್‌ನಲ್ಲಿ ಯೇಸು ಬದುಕಿಸಿದ, ಸತ್ತು ಎದ್ದೆ ಅನ್ನುವ ಲಾಜರಸ್‌ನನ್ನು ಕಂಡಿದ್ದಾನೆ, ಅಪಸ್ಮಾರದಿಂದ ಹುಟ್ಟಿದ ಭ್ರಮೆ ಅಂತ ಹೆಸರಿಟ್ಟಿದ್ದಾನೆ. ವರದಿಯ ಕ್ರಮ ಗಮನಿಸು: ಮೊದಲು ಔಷಧಿಗೆ ಬರುವ ಜೇಡ, ಗೋಂದು, ಚರ್ಮರೋಗ. ಲಾಜರಸ್‌ನ ವಿಷಯ ತಡವಾಗಿ, ಸಂಕೋಚದಿಂದ ಬರುತ್ತದೆ. ಅವನನ್ನು ಗುಣಪಡಿಸಿದವನ ಬಗ್ಗೆ ಆ ಮನುಷ್ಯ ಏನು ಹೇಳುತ್ತಾನೆ ಅನ್ನುವ ಕಡೆಗೆ ಬಂದಾಗ ವೈದ್ಯ ಥಟ್ಟನೆ ಮಾತು ಬದಲಿಸಿ, ಕೊಳದ ಪಕ್ಕ ಬೋರೇಜ್ ಅನ್ನುವ ನೀಲಿ ಹೂವಿನ ಗಿಡ ಕಂಡೆ ಅನ್ನುತ್ತಾನೆ. ಆ ಗಿಡದ ಹತ್ತಿರ ಬೆರಳಿಟ್ಟು ನಿಲ್ಲು. ಹೇಳಲಾಗದ್ದನ್ನು ಮರೆಸಲು ಅವನು ತನ್ನ ಕಸುಬಿನ ಮಾತಿಗೆ ಓಡುತ್ತಿದ್ದಾನೆ. ಕ್ಷಮೆ ಕೇಳಿ, ನಮಸ್ಕಾರ ಹೇಳಿ ಪತ್ರ ಮುಗಿಸುತ್ತಾನೆ. ಮುಗಿಸಿದ ಮೇಲೆ ತಡೆಯಲಾರದೆ ಮತ್ತೆ ಬರೆಯುತ್ತಾನೆ: ದೇವರೇ, ಯೋಚಿಸು ಅಬೀಬ್! ಸರ್ವಶಕ್ತನು ಸರ್ವಪ್ರೇಮಿಯೂ ಆಗಿದ್ದರೆ? ಇದನ್ನು ಓದಿ 'ಕಾರ್ಶಿಶ್ ಕ್ರೈಸ್ತನಾದ' ಅಂತ ಬರೆದರೆ ಕವನವೇ ಕೈತಪ್ಪಿತು. ಅವನ ಕೊನೆಯ ಮಾತು, ವಿಚಿತ್ರವಾಗಿದೆ ಅಂತ, ಅಷ್ಟೇ.

ಇದರ ಪಕ್ಕಕ್ಕೆ 1845ರ 'ದ ಬಿಷಪ್ ಆರ್ಡರ್ಸ್ ಹಿಸ್ ಟೂಂಬ್' ಇಟ್ಟು ನೋಡು. ಸಾಯುತ್ತಿರುವ ಬಿಷಪ್ ಎಲ್ಲವೂ ವ್ಯರ್ಥ ಅನ್ನುವ ಶಾಸ್ತ್ರವಾಕ್ಯದಿಂದ ಶುರುಮಾಡಿ, ಸೋದರಳಿಯರು ಅಂತ ಕರೆಯುವ ತನ್ನದೇ ಮಕ್ಕಳ ಹತ್ತಿರ ಗೋರಿಗೆ ನೀಲಿ ಲಾಜವರ್ದ ಕಲ್ಲು ಬೇಡುತ್ತಾನೆ. ಹೆಚ್ಚು ವಿವರಣೆ ಬೇಡ, ಆ ಎರಡನ್ನೂ ಎದುರುಬದುರು ಇಟ್ಟರೆ ಸಾಕು.

'ಮನುಷ್ಯನ ಚಾಚು ಅವನ ಹಿಡಿತವನ್ನು ಮೀರಬೇಕು, ಇಲ್ಲದಿದ್ದರೆ ಸ್ವರ್ಗ ಯಾತಕ್ಕೆ' ಅನ್ನುವ ಸಾಲನ್ನು ಬ್ರೌನಿಂಗ್‌ನ ಸಂದೇಶ ಅಂತ ಉದ್ಧರಿಸಬೇಡ. ಅದು 'ಅಂದ್ರೆಯಾ ದೆಲ್ ಸಾರ್ತೊ'ದಲ್ಲಿ ಸೋತ ಚಿತ್ರಕಾರ ಆಡುವ ಮಾತು. ಹೆಸರಾಂತ ಚಿತ್ರಕಾರ ರಾಫೇಲ್ ಬರೆದ ತೋಳಿನ ತಪ್ಪನ್ನು ಸೀಮೆಸುಣ್ಣದಲ್ಲಿ ತಿದ್ದಬಲ್ಲವನು, ತಿದ್ದಿ, ಚಿತ್ರದ ಆತ್ಮ ರಾಫೇಲನದೇ ಅಂತ ಅಳಿಸಿಬಿಡುತ್ತಾನೆ. ಹೆಂಡತಿ ಒಂದು ಸಂಜೆ ಪಕ್ಕದಲ್ಲಿ ಕೂರಲಿ ಅಂತ, ಹೊರಗೆ ಶಿಳ್ಳೆ ಹಾಕಿ ಕಾಯುವ ಅವಳ 'ಕಸಿನ್'ನ ಸಾಲ ತೀರಿಸಲು ಒಪ್ಪುತ್ತಾನೆ. ಇಲ್ಲಿ ಪ್ರಾಸ ಇಲ್ಲ, ನಮ್ಮ ಸರಳ ರಗಳೆಯ ಹಾಗೆ ಸಾಲು ದಾಟಿ ಹರಿಯುತ್ತದೆ, ದಣಿವಿನಲ್ಲಿ.

ಮಾತಾಡುವವನ ಮೇಲೆ ಕನಿಕರವನ್ನೂ ತೀರ್ಪನ್ನೂ ಈ ಪ್ರಕಾರ ಒಟ್ಟಿಗೇ ಬೇಡುತ್ತದೆ ಅಂತ ವಿಮರ್ಶಕ ರಾಬರ್ಟ್ ಲ್ಯಾಂಗ್‌ಬಾಮ್ 1957ರಲ್ಲಿ ಬರೆದರು. ಆ ಹೆಸರು ಬರೆದು ಅಂಕ ಗಿಟ್ಟಿಸುವುದಕ್ಕಿಂತ, ನಿನ್ನ ಕನಿಕರ ಯಾವ ಸಾಲಿನಲ್ಲಿ ಮುರಿಯಿತು ಅಂತ ಸಾಲಿನ ಸಂಖ್ಯೆ ಸಮೇತ ತೋರಿಸು.

ಸಿಲಬಸ್‌ನಲ್ಲಿ ಇಲ್ಲದಿದ್ದರೂ ಇಂಗ್ಲಿಷ್ ಕವಯಿತ್ರಿ ಆಗಸ್ಟಾ ವೆಬ್‌ಸ್ಟರ್‌ಳ 'ಎ ಕಾಸ್ಟವೇ' (1870) ಓದು. ಮೈಮಾರಿ ಬದುಕುವ ಹೆಂಗಸೊಬ್ಬಳು ತನ್ನ ಹಳೆಯ ಡೈರಿ ಹಿಡಿದು ಮಾತಾಡುತ್ತಾಳೆ. ಕೋಣೆಯಲ್ಲಿ ಕೇಳುವವರೇ ಇಲ್ಲ, ಹಾಗಾದರೆ ಅಷ್ಟೊಂದು ವಾದ ಯಾರ ಮುಂದೆ? ಕೊನೆಗೆ ಒಬ್ಬಳು ಭೇಟಿಗೆ ಬರುತ್ತಾಳೆ, ಆ ಗಳಿಗೆಗೇ ಇವಳ ದನಿ ಬದಲಾಗುತ್ತದೆ. ಬದಲಾದದ್ದು ಏನು ಅಂತ ಮುಂದಿನ ಪತ್ರದಲ್ಲಿ ಬರೆ.

ನಿನ್ನ
ಅಮ್ಮ