ಹೊಸತು ಮಾಡ್ತೀವಿ ಅಂತ ಹಿಂದಕ್ಕೇ ಯಾಕೆ ಹೋಗ್ತಾರೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಪುರವಣಿಯಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಬಗ್ಗೆ ಬಂದ ಲೇಖನ ಓದಿದೆ. ಎಂಬತ್ತು ವರ್ಷ ದಾಟಿದ ಕಥೆಗಳನ್ನು ಆಗಾಗ ಅಳಿಸಿ ಮೊದಲಿಂದ ಬರೆಯದಿದ್ದರೆ ಹೊಸ ಓದುಗರು ಹತ್ತಿರ ಸುಳಿಯುವುದಿಲ್ಲ, ಹಾಗಾಗಿ ರೀಬೂಟ್ ಬೇಕೇ ಬೇಕು ಅನ್ನುವುದು ಆ ಲೇಖಕರ ವಾದ. ಬರಹ ಚೆನ್ನಾಗಿತ್ತು. ಆದರೆ ಈ ಕಾಮಿಕ್ಸ್‌ಗಳನ್ನು ಬಹಳ ವರ್ಷಗಳಿಂದ ಓದಿಕೊಂಡು, ಬೈದುಕೊಂಡು, ಬಿಟ್ಟೆ ಅಂತ ಹೇಳಿ ಮತ್ತೆ ಓದಿಕೊಂಡು ಬಂದಿರುವ ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಕಥೆ ಹೊಸದಾಗಬೇಕು, ಸರಿ. ಆದರೆ ಇದುವರೆಗಿನ ದೊಡ್ಡ ರೀಬೂಟ್‌ಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೇವೆ ಅಂತ ಡಂಗುರ ಹೊಡೆಯುತ್ತಾರೆ, ಹೋಗಿ ನಿಲ್ಲುವುದು ಮಾತ್ರ ಸಂಪಾದಕರು ತಾವು ಚಿಕ್ಕವರಿದ್ದಾಗ ಓದಿದ ಕಾಲಕ್ಕೆ. (ಕಾಮಿಕ್ಸ್ ಸಂಪಾದಕರ ಮಾತು, ನಿಮ್ಮದಲ್ಲ!)

2011ನ್ನೇ ತೆಗೆದುಕೊಳ್ಳಿ. ಸೂಪರ್‌ಮ್ಯಾನ್, ಬ್ಯಾಟ್‌ಮನ್ ಕಥೆಗಳನ್ನು ತರುವ ಡಿಸಿ ಕಂಪನಿ ತನ್ನ ಸೂಪರ್‌ಹೀರೋ ಸರಣಿಗಳನ್ನೆಲ್ಲ ನಿಲ್ಲಿಸಿ, 52 ಸರಣಿಗಳನ್ನು ಒಂದನೇ ಸಂಚಿಕೆಯಿಂದ ಶುರು ಮಾಡಿತು. 1938ರಿಂದ 904 ಸಂಚಿಕೆ ಓಡಿದ್ದ, ಸೂಪರ್‌ಮ್ಯಾನ್ ಕಥೆಗಳ ‘ಆ್ಯಕ್ಷನ್ ಕಾಮಿಕ್ಸ್’ ಕೂಡ ಮತ್ತೆ ಒಂದು ಅಂತ ಎಣಿಸಿಕೊಂಡಿತು. ಸೂಪರ್‌ಮ್ಯಾನ್ ಮತ್ತು ಲೋಯಿಸ್ ಲೇನ್ 1996ರಲ್ಲಿ ಮದುವೆಯಾಗಿದ್ದರು. ಆ ಮದುವೆ ಆಗಲೇ ಇಲ್ಲ ಅಂದರು. ಬಾರ್ಬರಾ ಗಾರ್ಡನ್ ಅಂದರೆ ಬ್ಯಾಟ್‌ಗರ್ಲ್, 1988ರ ಕಥೆಯಲ್ಲಿ ಜೋಕರ್ ಹೊಡೆದ ಗುಂಡಿನಿಂದ ನಡೆಯುವ ಶಕ್ತಿ ಕಳೆದುಕೊಂಡವಳು. ಆ ಕಥೆಯಲ್ಲಿ ಅವಳನ್ನು ನಡೆಸಿಕೊಂಡ ರೀತಿ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಆದರೆ ಆಮೇಲೆ ಜಾನ್ ಓಸ್ಟ್ರಾಂಡರ್ ಮತ್ತು ಕಿಮ್ ಯೇಲ್ ಎಂಬ ಲೇಖಕ ದಂಪತಿ ಆ ಹುಡುಗಿಯನ್ನು ಮೂಲೆಗೆ ಬಿಡದೆ ‘ಆರಕಲ್’ ಅಂತ ಹೊಸ ಪಾತ್ರವನ್ನಾಗಿ ಬೆಳೆಸಿದರು. ಗಾಲಿಕುರ್ಚಿಯಲ್ಲಿ ಕೂತೇ ಕಂಪ್ಯೂಟರ್‌ನಲ್ಲಿ ಇಡೀ ಸೂಪರ್‌ಹೀರೋ ಜಗತ್ತಿಗೆ ಸುದ್ದಿ ಒದಗಿಸುವವಳು. ಬ್ಯಾಟ್‌ಮನ್ನೇ ಅವಳನ್ನು ಕೇಳಬೇಕು. ಅದು ಆ ಕಾಲಕ್ಕೆ ಎಷ್ಟು ಹೊಸದು, ಅಲ್ವಾ? ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ! ಎರಡು ದಶಕಕ್ಕೂ ಹೆಚ್ಚು ಕಾಲ ಬೆಳೆದ ಆ ಪಾತ್ರವನ್ನು ಎತ್ತಿಟ್ಟು, 2011ರಲ್ಲಿ ಅವಳನ್ನು ಮತ್ತೆ ನಡೆಯುವಂತೆ ಮಾಡಿ, 1967ರಲ್ಲಿದ್ದ ಹಾಗೆ ಬ್ಯಾಟ್‌ಗರ್ಲ್ ಆಗಿಯೇ ವಾಪಸ್ ತಂದರು. ಇದನ್ನು ಆಧುನಿಕ ಅನ್ನುವುದಾ? ಗಾಲಿಕುರ್ಚಿಯಲ್ಲಿರುವ ಎಷ್ಟೋ ಓದುಗರು ತಮ್ಮಂಥ ಒಬ್ಬಳೇ ಒಬ್ಬಳನ್ನು ಕಿತ್ತುಕೊಂಡರಲ್ಲ ಅಂತ ಆಗ ಬೇಸರ ಹೇಳಿಕೊಂಡರು. ಆ ಬೇಸರದಲ್ಲಿ ನ್ಯಾಯ ಇತ್ತು.

ಇನ್ನು ವಾಲಿ ವೆಸ್ಟ್. 1959ರಲ್ಲಿ, ಮಿಂಚಿನ ವೇಗದಲ್ಲಿ ಓಡುವ ಡಿಸಿ ನಾಯಕ ಫ್ಲ್ಯಾಶ್‌ನ ಹಿಂದೆ ಓಡುವ ಪುಟ್ಟ ಹುಡುಗನಾಗಿ ಬಂದವನು. 1985ರ ‘ಕ್ರೈಸಿಸ್ ಆನ್ ಇನ್‌ಫೈನೈಟ್ ಅರ್ತ್ಸ್’ ಕಥೆಯಲ್ಲಿ ದೊಡ್ಡ ಫ್ಲ್ಯಾಶ್ ಬ್ಯಾರಿ ಆ್ಯಲೆನ್ ಸತ್ತಾಗ, ಈ ಹುಡುಗ ಆ ಹೆಸರನ್ನು ಹೆಗಲಿಗೆ ಹಾಕಿಕೊಂಡ. ಮೊದಮೊದಲು ಸ್ವಲ್ಪ ಜಂಬದವನು, ದುಡ್ಡಿನ ಆಸೆಯವನು. ನಿಧಾನವಾಗಿ ಕಲಿತ, ಲಿಂಡಾಳನ್ನು ಮದುವೆಯಾದ, ಅವಳಿ ಮಕ್ಕಳ ತಂದೆಯಾದ. ಅವನ ಜೊತೆ ಬೆಳೆದ ಓದುಗರಿಗೆ ಅವನೇ ಫ್ಲ್ಯಾಶ್, ಬ್ಯಾರಿ ಅಂದರೆ ಗೋಡೆ ಮೇಲಿನ ಫೋಟೊ. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಕಾಲ ನಿಜವಾಗಿ ಸರಿದದ್ದು ಹೀಗೆ ಅಪರೂಪಕ್ಕೆ. 2008ರಲ್ಲಿ ಬ್ಯಾರಿಯನ್ನು ಬದುಕಿಸಿ ತಂದರು. 2011ರಲ್ಲಿ ವಾಲಿ ಎಂಬವನು ಇರಲೇ ಇಲ್ಲ ಅನ್ನುವ ಹಾಗೆ ಹೆಸರೇ ಎತ್ತಲಿಲ್ಲ. 2016ರಲ್ಲಿ ಅದೇ ಕಂಪನಿ ‘ರೀಬರ್ತ್’ ಅಂತ ಇನ್ನೊಂದು ಸಲ ರಿಪೇರಿಗೆ ಇಳಿದಾಗ ಅವನನ್ನು ಹೇಗೆ ವಾಪಸ್ ತಂದರು ಗೊತ್ತಾ? ಕಾಲದ ಸಂದಿಯಲ್ಲಿ ಸಿಕ್ಕಿಬಿದ್ದು, ಒಬ್ಬೊಬ್ಬರ ಮುಂದೆಯೂ ಬಂದು ನಾನು ನೆನಪಿದ್ದೀನಾ ಅಂತ ಕೇಳುವವನಾಗಿ. ಹೆಂಡತಿಗೇ ಗುರುತು ಸಿಗುವುದಿಲ್ಲ. ಕೊನೆಗೆ ಬ್ಯಾರಿಗೆ ನೆನಪಾಗುತ್ತದೆ. ಓದಿ ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳಲ್ಲ. ಆದರೆ ಮಾರನೇ ದಿನ ಸಿಟ್ಟೂ ಬಂತು. ತಾವೇ ಕಿತ್ತೆಸೆದದ್ದನ್ನು ತಾವೇ ಹುಡುಕಿಕೊಟ್ಟು ನಮ್ಮಿಂದ ಕಣ್ಣೀರು ಹಾಕಿಸಿದರಲ್ಲ ಅಂತ.

2011ರ ಆ ಲೆಕ್ಕಾಚಾರದಲ್ಲಿ ಇನ್ನೊಂದು ತಮಾಷೆ ಇತ್ತು. ಹೊಸ ಜಗತ್ತಿನಲ್ಲಿ ಸೂಪರ್‌ಹೀರೋಗಳು ಬಂದು ಐದೇ ವರ್ಷ ಆಗಿದೆ ಅಂದರು. ಸರಿ ಅಂದುಕೊಂಡರೆ, ಬ್ಯಾಟ್‌ಮನ್ ಮತ್ತು ಗ್ರೀನ್ ಲ್ಯಾಂಟರ್ನ್ ಕಥೆಗಳು ಆಗ ಚೆನ್ನಾಗಿ ಮಾರಾಟ ಆಗುತ್ತಿದ್ದವು ನೋಡಿ, ಅವನ್ನು ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡರು. ಅಂದರೆ ಆ ಐದು ವರ್ಷದಲ್ಲಿ ಬ್ಯಾಟ್‌ಮನ್ ಬಳಿ ಡಿಕ್, ಜೇಸನ್, ಟಿಮ್, ಡೇಮಿಯನ್ ಅಂತ ನಾಲ್ಕು ರಾಬಿನ್‌ಗಳು, ಅಂದರೆ ಅವನ ಜೊತೆ ಹೋರಾಡುವ ಹುಡುಗರು, ಬಂದಾಗಿತ್ತು. ಒಬ್ಬ ಸತ್ತು ಎದ್ದೂ ಬಂದಿದ್ದ. ನಾಲ್ಕನೆಯವನು ಸ್ವಂತ ಮಗ, ಹತ್ತು ವರ್ಷದವನು! ವರ್ಷಕ್ಕೊಬ್ಬರಂತೆ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡನೇ ಅಂತ ಓದುಗರು ನಕ್ಕಿದ್ದೇ ನಕ್ಕಿದ್ದು. ಗೋಜಲು ಬಿಡಿಸುತ್ತೇವೆ ಅಂತ ಹೊರಟವರು ಇನ್ನೊಂದು ಗಂಟು ಹಾಕಿದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರು, ನೆಗಡಿ ಮಾತ್ರ ಹಾಗೇ ಉಳಿಯಿತು.

1985ರಲ್ಲೂ ಇದೇ ಆಗಿತ್ತು. ಡಿಸಿ ಕಥೆಗಳಲ್ಲಿದ್ದ ಬೇರೆ ಬೇರೆ ಭೂಮಿಗಳನ್ನೆಲ್ಲ ಒಂದು ಮಾಡಿದ ಮಾರ್ವ್ ವುಲ್ಫ್‌ಮನ್, ಜಾರ್ಜ್ ಪೆರೆಜ್ ಅವರ ‘ಕ್ರೈಸಿಸ್’ನ ಆ ಹನ್ನೆರಡು ಸಂಚಿಕೆ ಓದುವುದಕ್ಕೆ ಇವತ್ತಿಗೂ ಭರ್ಜರಿ. ಮರುವರ್ಷ ಜಾನ್ ಬರ್ನ್ ಸೂಪರ್‌ಮ್ಯಾನ್ ಕಥೆಯನ್ನು ಹೊಸದಾಗಿ ಬರೆದು, ಬಾಲ್ಯದಲ್ಲೇ ಸೂಪರ್‌ಬಾಯ್ ಆಗಿದ್ದದ್ದನ್ನು ತೆಗೆದುಬಿಟ್ಟರು. ಒಳ್ಳೆಯದೇ. ಆದರೆ ಸಾವಿರ ವರ್ಷ ಮುಂದಿನ ‘ಲೀಜನ್’ ಎಂಬ ಪಡೆ ಹುಟ್ಟಿದ್ದೇ ಆ ಸೂಪರ್‌ಬಾಯ್‌ನ ಸ್ಫೂರ್ತಿಯಿಂದ. ಅವನೇ ಇಲ್ಲ ಅಂದಮೇಲೆ ಅವರು ಯಾರು? ಆ ಒಂದು ಎಳೆ ಸರಿ ಮಾಡಲು ಮುಂದೆ ಎಷ್ಟು ತೇಪೆ ಹಾಕಿದರೆಂದರೆ, 1994ರಲ್ಲಿ ಲೀಜನ್ನನ್ನೇ ಸಂಪೂರ್ಣ ರೀಬೂಟ್ ಮಾಡಬೇಕಾಯಿತು, ಹತ್ತು ವರ್ಷ ಕಳೆದು ಇನ್ನೊಂದು ಸಲ.

ಐರನ್ ಮ್ಯಾನ್, ಸ್ಪೈಡರ್‌ಮ್ಯಾನ್ ಕಥೆಗಳ ಮಾರ್ವೆಲ್ ಕಂಪನಿಯವರು ಇಂಥ ದೊಡ್ಡ ಅಳಿಸಾಟಕ್ಕೆ ಕೈ ಹಾಕದೆ ಕಾಲವನ್ನೇ ಜಾರಿಸುತ್ತಾರೆ. ಐರನ್ ಮ್ಯಾನ್ 1963ರಲ್ಲಿ ಗಾಯಗೊಂಡದ್ದು ವಿಯೆಟ್ನಾಂನಲ್ಲಿ, ಆಮೇಲೆ ಅದು ಅಫ್ಘಾನಿಸ್ತಾನ ಆಯಿತು. ‘ಫೆಂಟಾಸ್ಟಿಕ್ ಫೋರ್’ ಕಥೆಯ ದಂಪತಿಗೆ 1968ರಲ್ಲಿ ಹುಟ್ಟಿದ ಮಗ ಫ್ರಾಂಕ್ಲಿನ್ ರಿಚರ್ಡ್ಸ್ ಇನ್ನೂ ಹುಡುಗನೇ. ಇದು ಮೋಸವೇ, ಆದರೆ ಗೊತ್ತಿದ್ದೂ ಒಪ್ಪಿಕೊಳ್ಳುವ ಮೋಸ. ಒಂದೇ ಕಡೆ ಅದು ನಡೆಯುವುದಿಲ್ಲ. ‘ಎಕ್ಸ್-ಮೆನ್’ ಕಥೆಗಳ ಮ್ಯಾಗ್ನೆಟೋ ನಾಜಿ ಶಿಬಿರದಿಂದ ಬದುಕಿ ಬಂದವನು. ಅದನ್ನು ಬೇರೆ ಯಾವುದೋ ಯುದ್ಧಕ್ಕೆ ಜಾರಿಸಿದರೆ ಅವನು ಅವನಾಗಿ ಉಳಿಯುವುದಿಲ್ಲ. ಅದೃಷ್ಟಕ್ಕೆ 1974ರ ಒಂದು ವಿಚಿತ್ರ ಕಥೆಯಲ್ಲಿ ಅವನನ್ನು ಕೂಸಾಗಿಸಿದ್ದರು, ಮತ್ತೆ ಬೆಳೆದಾಗ ವಯಸ್ಸು ಕಡಿಮೆ ಆಗಿತ್ತು. ಆವತ್ತಿನ ಹುಚ್ಚಾಟ ಇವತ್ತಿಗೆ ಉಪಯೋಗಕ್ಕೆ ಬಂತು!

ಆದರೆ ಹಿಂದಕ್ಕೆ ಎಳೆಯುವ ಚಟ ಮಾರ್ವೆಲ್‌ಗೂ ಇದೆ. ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ 1962ರಲ್ಲಿ ಶಾಲೆ ಹುಡುಗ. ಆಮೇಲೆ ಕಾಲೇಜಿಗೆ ಹೋದ, 1987ರಲ್ಲಿ ಮೇರಿ ಜೇನ್‌ಳನ್ನು ಮದುವೆಯಾದ. ಹೆಂಡತಿ ಇದ್ದರೆ ಸ್ಪೈಡರ್‌ಮ್ಯಾನ್ ವಯಸ್ಸಾದವನ ಹಾಗೆ ಕಾಣುತ್ತಾನೆ, ಯುವಕರಿಗೆ ಅವನು ನಮ್ಮವನು ಅನ್ನಿಸುವುದಿಲ್ಲ ಅನ್ನುವುದು ಸಂಪಾದಕರ ತಲೆನೋವು. 2007ರ ಕೊನೆಗೆ ಏನು ಮಾಡಿದರು? ತನ್ನನ್ನು ಸಾಕಿದ ದೊಡ್ಡಮ್ಮ ಮೇ ಅವರ ಪ್ರಾಣ ಉಳಿಸಲು ಪೀಟರ್ ತನ್ನ ಮದುವೆಯನ್ನು ಒಬ್ಬ ಸೈತಾನನಿಗೆ ಒಪ್ಪಿಸಿಬಿಡುತ್ತಾನೆ. ಮದುವೆ ಮಾಯ. ಇದನ್ನು ಓದಿ ನಾನು ಆ ಸರಣಿ ಎರಡು ವರ್ಷ ಮುಟ್ಟಲಿಲ್ಲ. ವಿಚ್ಛೇದನ ಕೊಡಿಸಿದ್ದರೂ ಇಷ್ಟು ಬೇಜಾರು ಆಗುತ್ತಿರಲಿಲ್ಲ, ಅದರಲ್ಲಿ ಕೊನೇಪಕ್ಷ ಇಬ್ಬರು ದೊಡ್ಡವರ ತೀರ್ಮಾನ ಇರುತ್ತಿತ್ತು.

ಈಗ ಇದನ್ನು ನೋಡಿ. 2024ರ ಜನವರಿಯಲ್ಲಿ ಅದೇ ಕಂಪನಿ ಜೊನಾಥನ್ ಹಿಕ್‌ಮನ್, ಮಾರ್ಕೊ ಕೆಕೆಟ್ಟೊ ಅವರ ಹೊಸ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ತಂದಿತು. ಬೇರೆಯೇ ಜಗತ್ತು. ಅಲ್ಲಿನ ಪೀಟರ್ ಮೂವತ್ತು ದಾಟಿದವನು, ಮದುವೆಯಾದವನು, ಇಬ್ಬರು ಮಕ್ಕಳ ತಂದೆ, ಮುಖದಲ್ಲಿ ಗಡ್ಡ. ಅವನಿಗೆ ಜೇಡದ ಶಕ್ತಿ ಬರುವುದೇ ಈ ವಯಸ್ಸಿನಲ್ಲಿ. ಯಾವುದರಿಂದ ಓದುಗರು ಓಡಿಹೋಗುತ್ತಾರೆ ಅಂತ ಹೆದರಿದ್ದರೋ ಅದೇ ಇಲ್ಲಿ ಮುಖ್ಯ ಆಕರ್ಷಣೆ. ಮೊದಲ ಸಂಚಿಕೆಯನ್ನು ಮತ್ತೆ ಮತ್ತೆ ಮುದ್ರಿಸಬೇಕಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಡಿಸಿ ಕೂಡ ‘ಆಬ್ಸಲ್ಯೂಟ್ ಬ್ಯಾಟ್‌ಮನ್’ ಶುರು ಮಾಡಿತು. ಸ್ಕಾಟ್ ಸ್ನೈಡರ್ ಬರವಣಿಗೆ, ನಿಕ್ ಡ್ರಗೊಟ್ಟಾ ಚಿತ್ರ. ಇಲ್ಲಿ ಬ್ರೂಸ್ ವೇಯ್ನ್ ಬಳಿ ಬಂಗಲೆ ಇಲ್ಲ, ಕೋಟಿ ಇಲ್ಲ, ಬಟ್ಲರ್ ಇಲ್ಲ. ತೀರಿಹೋದ ಅಪ್ಪ ಶಾಲಾ ಮೇಷ್ಟ್ರು, ಅಮ್ಮ ಬದುಕಿದ್ದಾರೆ. ದುಡ್ಡೇ ಇಲ್ಲದಿದ್ದರೆ ಬ್ಯಾಟ್‌ಮನ್ ಹೇಗಿರುತ್ತಾನೆ ಅನ್ನುವುದು ಇವತ್ತು ಕೇಳಬೇಕಾದ ಪ್ರಶ್ನೆ. ಅದನ್ನು ಕೇಳುವುದಕ್ಕೆ ಹಳೇ ಬ್ಯಾಟ್‌ಮನ್‌ನ ಒಂದು ಹಾಳೆಯನ್ನೂ ಹರಿಯಲಿಲ್ಲ, ಅವನು ಪಕ್ಕದಲ್ಲಿ ತನ್ನ ಪಾಡಿಗೆ ತಾನಿದ್ದಾನೆ.

ನೋಡಿದರೆ ಇದು ಹೊಸ ಉಪಾಯವೂ ಅಲ್ಲ. 1956ರಲ್ಲಿ ಜೂಲಿಯಸ್ ಶ್ವಾರ್ಟ್ಜ್ ಎಂಬ ಸಂಪಾದಕರು ಫ್ಲ್ಯಾಶ್ ಎಂಬ ಹೆಸರು ಮತ್ತು ಓಟದ ವೇಗವನ್ನು ಮಾತ್ರ ಇಟ್ಟುಕೊಂಡು ಮನುಷ್ಯ, ವೇಷ, ಕಥೆ ಎಲ್ಲವನ್ನೂ ಹೊಸದಾಗಿ ಮಾಡಿಸಿದರು. 1940ರ ಹಳೇ ಫ್ಲ್ಯಾಶ್ ಜೇ ಗ್ಯಾರಿಕ್‌ನನ್ನು ಯಾರೂ ಅಳಿಸಲಿಲ್ಲ. ಅವನು ಹೊಸ ಫ್ಲ್ಯಾಶ್ ಓದುವ ಕಾಮಿಕ್ಸ್‌ನ ನಾಯಕ ಅಂದರು, 1961ರಲ್ಲಿ ಇಬ್ಬರನ್ನೂ ಭೇಟಿ ಮಾಡಿಸಿದರು. ಎಷ್ಟು ಸರಳ! ಮೈಲ್ಸ್ ಮೊರಾಲೆಸ್ ಎಂಬ ಹುಡುಗ 2011ರಲ್ಲಿ ಹೊಸ ಸ್ಪೈಡರ್‌ಮ್ಯಾನ್ ಆಗಿ ಬಂದದ್ದು, ಕಮಲಾ ಖಾನ್ ಎಂಬ ಹುಡುಗಿ 2014ರಲ್ಲಿ ಮಿಸ್ ಮಾರ್ವೆಲ್ ಆಗಿ ಸ್ವಂತ ಸರಣಿ ಪಡೆದದ್ದು ಇದೇ ದಾರಿಯಲ್ಲಿ. ಹೊಸ ಪೀಳಿಗೆಗೆ ಹೊಸ ಮುಖ ಕೊಟ್ಟರು, ಹಳಬರ ಬದುಕಿಗೆ ರಬ್ಬರ್ ಹಾಕಲಿಲ್ಲ.

ಹೊಸ ಓದುಗರ ವಿಷಯಕ್ಕೆ ಬರುತ್ತೇನೆ, ಲೇಖನದ ಮುಖ್ಯ ವಾದವೇ ಅದು. ಹಳೇ ಕಥೆ ಜಾಸ್ತಿ ಇದ್ದರೆ ಜನ ಹೆದರುತ್ತಾರೆ ಅನ್ನುವುದನ್ನು ನಾನು ನಂಬುವುದಿಲ್ಲ. ಜಪಾನಿನ ‘ಒನ್ ಪೀಸ್’ ಎಂಬ ಕಾಮಿಕ್ಸ್ 1997ರಿಂದ ನಡೆಯುತ್ತಿದೆ, ನೂರು ಸಂಪುಟ ದಾಟಿದೆ, ಇವತ್ತೂ ಮಕ್ಕಳು ಒಂದನೇ ಸಂಪುಟ ಹಿಡಿದು ಕೂರುತ್ತಾರೆ. ಯಾಕೆಂದರೆ ಅದರ ಒಂದನೇ ಸಂಪುಟ ಒಂದೇ. ‘ಬ್ಯಾಟ್‌ಮನ್’ ಒಂದನೇ ಸಂಚಿಕೆ ಕೊಡಿ ಅಂತ ಕೇಳಿ ನೋಡಿ. 1940ರದ್ದಾ, 2011ರದ್ದಾ, 2016ರದ್ದಾ, 2025ರದ್ದಾ? ಬಾಗಿಲು ಒಂದೇ ಇದ್ದರೆ ಎಷ್ಟು ದೊಡ್ಡ ಮನೆಯಾದರೂ ಒಳಗೆ ಹೋಗಬಹುದು. ಹತ್ತು ಬಾಗಿಲಿಟ್ಟು ಹತ್ತಕ್ಕೂ ‘ಇಲ್ಲಿಂದ ಬನ್ನಿ’ ಅಂತ ಬೋರ್ಡ್ ಹಾಕಿದರೆ ಬಂದವರು ಅಂಗಳದಿಂದಲೇ ವಾಪಸ್. ಹೊಸ ಒಂದನೇ ಸಂಚಿಕೆ ಆ ತಿಂಗಳು ಹೆಚ್ಚು ಮಾರಾಟ ಆಗುತ್ತದೆ, ಅದು ನಿಜ, ಅದಕ್ಕೇ ಪದೇ ಪದೇ ಮಾಡುತ್ತಾರೆ. ಅದನ್ನು ವ್ಯಾಪಾರ ಅನ್ನೋಣ. ಓದುಗರ ಮೇಲಿನ ಕಾಳಜಿ ಅಂತ ಮಾತ್ರ ಹೇಳುವುದು ಬೇಡ.

ಒಂದು ಸಣ್ಣ ತಿದ್ದುಪಡಿ. 2011ರಲ್ಲಿ ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿಯನ್ನು ‘ಶಾಶ್ವತವಾಗಿ’ ತೆಗೆದರು ಅಂತ ಲೇಖನದಲ್ಲಿದೆ. ಹಾಗಿಲ್ಲ ಸ್ವಾಮಿ. ಈ ಕಾಲದಲ್ಲಿ ಅದು ನಗೆಪಾಟಲು ಅಂತ ತೆಗೆದದ್ದು ಹೌದು. ಆದರೆ ‘ಆ್ಯಕ್ಷನ್ ಕಾಮಿಕ್ಸ್’ 2016ರಲ್ಲಿ ತನ್ನ ಹಳೇ ಲೆಕ್ಕಕ್ಕೆ ವಾಪಸ್ ಬಂದು, 2018ರಲ್ಲಿ ಸಾವಿರನೇ ಸಂಚಿಕೆ ತಂದಾಗ ಚಡ್ಡಿಯೂ ವಾಪಸ್ ಬಂತು. 2025ರ ಸಿನಿಮಾದಲ್ಲೂ ಅವನು ಅದನ್ನು ಹಾಕಿಕೊಂಡೇ ಹಾರಾಡಿದ್ದಾನೆ.

ಇಂತಿ,
ನಿಮ್ಮ ಹಳೇ ಓದುಗ