ಬಿಸಿಲಿನಿಂದ ಐಸ್: ಅರಸೀಕೆರೆಗೊಂದು ಘಟಕ ಕೊಡಿ

ಮಾನ್ಯರೇ,

ಬೇಸಿಗೆ ಬಂತೆಂದರೆ ಹಾಸನ ಜಿಲ್ಲೆಯ ಬಯಲು ಸೀಮೆಯ ಹಳ್ಳಿಗಳಲ್ಲಿ ಬಿಸಿಲು ಏರುವುದೂ ಕರೆಂಟ್ ಹೋಗುವುದೂ ಒಟ್ಟಿಗೇ ನಡೆಯುತ್ತವೆ. ಹಾಲು ಒಡೆಯುವುದೂ ಆಗಲೇ. ಕೆಚ್ಚಲಿನಿಂದ ಇಳಿಯುವಾಗ ಹಾಲು ಸುಮಾರು 37 ಡಿಗ್ರಿ ಬೆಚ್ಚಗಿರುತ್ತದೆ. ಅದು ಕೆಡದೆ ಉಳಿಯಬೇಕಾದರೆ ಕೆಲವೇ ಗಂಟೆಗಳಲ್ಲಿ 4 ಡಿಗ್ರಿಗೆ ಇಳಿಯಬೇಕು. ಶೀತಲೀಕರಣ ಘಟಕವಿರುವ ಡೈರಿಗಳು ಡೀಸೆಲ್ ಸುಟ್ಟು ಹೇಗೋ ನಿಭಾಯಿಸುತ್ತವೆ. ಘಟಕವಿಲ್ಲದ ಸಣ್ಣ ಊರುಗಳಲ್ಲಿ ತುಂಬಿದ ಕ್ಯಾನುಗಳು ವಾಹನಕ್ಕಾಗಿ ಕಾಯುತ್ತಾ ನಿಲ್ಲುತ್ತವೆ. ಹುಳಿ ಬಂದ ಹಾಲಿನ ನಷ್ಟ ಕೊನೆಗೆ ಬೀಳುವುದು ಒಂದೆರಡು ಹಸು ಕಟ್ಟಿಕೊಂಡ ಮನೆಯ ಮೇಲೆ.

ಹಾಲನ್ನು ಕೆಡಿಸುವ ಆ ಬಿಸಿಲಿನಿಂದಲೇ ಐಸ್ ಮಾಡಬಹುದು. ಇದು ಹೊಸ ಮಾತೇನಲ್ಲ. 1878ರಲ್ಲಿ ಪ್ಯಾರಿಸ್ಸಿನ ವಿಶ್ವ ವಸ್ತುಪ್ರದರ್ಶನದಲ್ಲಿ ಅಗಸ್ಟಿನ್ ಮೂಶೋ ಎಂಬ ಗಣಿತದ ಮೇಷ್ಟರು ದೊಡ್ಡ ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಶಾಖದಿಂದ ಐಸ್ ತಯಾರಿಸಿ ಜನರಿಗೆ ತೋರಿಸಿದ್ದರು. ಶಾಖದಿಂದ ನಡೆಯುವ ಅಮೋನಿಯಾ ಶೈತ್ಯಯಂತ್ರವನ್ನು ಫ್ರಾನ್ಸಿನವರೇ ಆದ ಫರ್ಡಿನಾಂಡ್ ಕಾರೆ ಅದಕ್ಕೂ ಸುಮಾರು ಎರಡು ದಶಕ ಮೊದಲೇ ರೂಪಿಸಿದ್ದರು. ವಿದ್ಯುತ್ ಇಲ್ಲದ ಕಾಲದಲ್ಲಿ ಕಾಫಿ ತೋಟದ ಬಂಗಲೆಗಳಲ್ಲಿ ಸೀಮೆಎಣ್ಣೆಯ ದೀಪ ಉರಿಸಿ ನಡೆಸುತ್ತಿದ್ದ ಫ್ರಿಜ್‌ಗಳ ಒಳಗುಟ್ಟೂ ಇದೇ.

ಅಮೋನಿಯಾ ನೀರಿನಲ್ಲಿ ಬಹಳ ಸುಲಭವಾಗಿ ಕರಗುತ್ತದೆ. ಆ ದ್ರಾವಣವನ್ನು 100 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಅಮೋನಿಯಾ ಆವಿಯಾಗಿ ನೀರನ್ನು ಬಿಟ್ಟು ಹೊರಡುತ್ತದೆ. ಹಗಲಿಡೀ ಬಿಸಿಲು ಮಾಡಬೇಕಾದ ಕೆಲಸ ಇಷ್ಟೇ. ಆ ಆವಿ ಕೊಳವೆಯಲ್ಲಿ ತಣಿದು, ದ್ರವವಾಗಿ ಒಂದು ಪಾತ್ರೆಯಲ್ಲಿ ಕೂಡುತ್ತದೆ. ಸಂಜೆ, ಕಾದಿದ್ದ ಭಾಗ ಆರುತ್ತಿದ್ದಂತೆ ಒಳಗಿನ ಒತ್ತಡ ಕುಸಿಯುತ್ತದೆ. ಆಗ ದ್ರವ ಅಮೋನಿಯಾ ತಣ್ಣಗಿರುವಾಗಲೇ ಕುದಿದು, ಆವಿಯಾಗಿ ಮತ್ತೆ ನೀರನ್ನು ಸೇರಲು ಹೊರಡುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ತನ್ನ ಸುತ್ತ ಇಟ್ಟ ನೀರಿನಿಂದ ಕಿತ್ತುಕೊಳ್ಳುತ್ತದೆ. ಬೆಳಗಾಗುವುದರೊಳಗೆ ಆ ನೀರು ಗಡ್ಡೆ ಕಟ್ಟಿರುತ್ತದೆ, ಬೆಳಗಿನ ಹಾಲು ಡೈರಿಗೆ ಬರುವ ಹೊತ್ತಿಗೆ ಸರಿಯಾಗಿ! ಕಂಪ್ರೆಸರ್ ಇಲ್ಲ, ಬ್ಯಾಟರಿ ಇಲ್ಲ.

ಲೆಕ್ಕವನ್ನೂ ಓದುಗರ ಮುಂದಿಡುತ್ತೇನೆ. ನಮ್ಮ ಬಯಲಿನಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ಜಾಗದ ಮೇಲೆ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, 5 ಯೂನಿಟ್‌ನಷ್ಟು ಶಾಖ ಬೀಳುತ್ತದೆ. ಇಂಥ ಯಂತ್ರ ಅದರಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ತಂಪಾಗಿ ಮಾರ್ಪಡಿಸುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ ಸುಮಾರು 4 ಕಿಲೋ ಐಸ್ ಸಿಗುತ್ತದೆ. 100 ಲೀಟರ್ ಹಾಲನ್ನು 37 ಡಿಗ್ರಿಯಿಂದ 4ಕ್ಕೆ ಇಳಿಸಲು 40 ಕಿಲೋಗಿಂತ ತುಸು ಕಡಿಮೆ ಐಸ್ ಸಾಕು. ಅಂದರೆ 10 ಚದರ ಮೀಟರ್, ಡೈರಿ ಕಟ್ಟಡದ ತಾರಸಿಯ ಒಂದು ಮೂಲೆ.

ಸೌರಫಲಕ ಹಾಕಿ ಕಂಪ್ರೆಸರ್ ಓಡಿಸಿದರೆ ಅದೇ ಜಾಗದಲ್ಲಿ ಇನ್ನೂ ಹೆಚ್ಚು ಐಸ್ ಆಗುತ್ತದಲ್ಲ ಎಂದು ತಿಳಿದವರು ಕೇಳುತ್ತಾರೆ. ಆಗುತ್ತದೆ, ನಿಜ. ಫಲಕಗಳ ಬೆಲೆಯೂ ಇಳಿದಿದೆ. ಆದರೆ ಜೂನ್ ಬಂದು ತಿಂಗಳುಗಟ್ಟಲೆ ಮೋಡ ಕವಿದಾಗ ಫಲಕಕ್ಕೆ ಮತ್ತೆ ಕರೆಂಟ್, ಡೀಸೆಲ್ ಬಿಟ್ಟರೆ ಬದಲಿ ದಾರಿಯಿಲ್ಲ. ಶಾಖದ ಯಂತ್ರಕ್ಕಿದೆ. ಅದಕ್ಕೆ ಬೇಕಾದದ್ದು ಬಿಸಿ, ಅದು ಎಲ್ಲಿಂದ ಬಂದರೂ ಸರಿ. ಅರಸೀಕೆರೆಯಂಥ ಕೊಬ್ಬರಿಯ ಊರಿನಲ್ಲಿ ತೆಂಗಿನ ಕರಟಕ್ಕೂ ಮಟ್ಟೆಗೂ ಬರವೇ? ಸಕಲೇಶಪುರ, ಮೂಡಿಗೆರೆಗಳಲ್ಲಿ ಕಾಫಿ ಹೊಟ್ಟು ಉಂಟು. ಬಿಸಿಲಿದ್ದಾಗ ಬಿಸಿಲು, ಇಲ್ಲದಾಗ ಒಲೆ. ನನ್ನ ಮಟ್ಟಿಗೆ ಈ ಯಂತ್ರದ ನಿಜವಾದ ಬಲ ಇಲ್ಲಿದೆ, ಮತ್ತು ಇದನ್ನು ಯಾರೂ ಗಂಭೀರವಾಗಿ ಪರಿಗಣಿಸುತ್ತಿಲ್ಲ ಎಂಬುದೇ ನನ್ನ ದುಃಖ.

ತೊಡಕುಗಳೂ ಇವೆ. ಮನೆಯ ತಾರಸಿಯ ನೀರು ಕಾಯಿಸುವ ಸಾಮಾನ್ಯ ಸೋಲಾರ್ ಪೆಟ್ಟಿಗೆ ಇಷ್ಟು ಬಿಸಿ ಕೊಡಲಾರದು, ನಿರ್ವಾತ ಕೊಳವೆ (ಶಾಖ ಸೋರದಂತೆ ಗೋಡೆಗಳ ನಡುವಿನ ಗಾಳಿ ತೆಗೆದ ಗಾಜಿನ ಕೊಳವೆ) ಅಥವಾ ಬಾಗಿದ ಕನ್ನಡಿ ಬೇಕು. ಅಮೋನಿಯಾ ವಿಷಾನಿಲ, ತಾಮ್ರವನ್ನು ತಿನ್ನುತ್ತದೆ. ಆದ್ದರಿಂದ ಕೊಳವೆಗಳೆಲ್ಲ ಉಕ್ಕಿನವೇ ಆಗಿರಬೇಕು. ಒಳಗಿನ ಒತ್ತಡ ಹೊರಗಿನ ಗಾಳಿಯ ಹದಿನೈದು ಪಟ್ಟಿನವರೆಗೂ ಏರುವುದರಿಂದ ಬೆಸುಗೆಯನ್ನು ಪಳಗಿದ ಕೈಗಳೇ ಮಾಡಬೇಕು, ಯಂತ್ರವನ್ನು ಗಾಳಿಯಾಡುವ ತೆರೆದ ಜಾಗದಲ್ಲೇ ಇಡಬೇಕು, ಸುತ್ತ ಬೇಲಿ ಇರಬೇಕು. ಊರಿನ ಗ್ಯಾರೇಜಿನಲ್ಲಿ ಜೋಡಿಸುವ ವಸ್ತು ಇದಲ್ಲ.

ಆದರೆ ಪಳಗಿದ ಕೈಗಳು ನಮ್ಮಲ್ಲಿಲ್ಲವೇ? ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಚಿಕ್ಕಮಗಳೂರಿನಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಈ ಸಂಸ್ಥೆಗಳೂ ಹಾಲು ಒಕ್ಕೂಟವೂ ಜಿಲ್ಲಾ ಪಂಚಾಯಿತಿಯೂ ಒಟ್ಟಿಗೆ ಕುಳಿತು, ಅರಸೀಕೆರೆ ಅಥವಾ ಕಡೂರು ತಾಲ್ಲೂಕಿನಲ್ಲಿ ಶೀತಲೀಕರಣ ಘಟಕವಿಲ್ಲದ ಒಂದು ಹಳ್ಳಿಯನ್ನು ಆರಿಸಿಕೊಂಡು, ದಿನಕ್ಕೆ 100 ಲೀಟರ್ ಹಾಲಿಗೆ ಸಾಲುವಂಥ ಒಂದೇ ಒಂದು ಘಟಕ ನಿಲ್ಲಿಸಲಿ. ಒಂದು ವರ್ಷ ಪೂರ್ತಿ ಅದು ನಡೆಯಲಿ, ಮಳೆಗಾಲವೂ ಸೇರಿ. ಪ್ರತಿದಿನ ಎಷ್ಟು ಕಿಲೋ ಐಸ್ ಆಯಿತು, ಎಷ್ಟು ಕರಟ ಉರಿಯಿತು, ಎಷ್ಟು ಲೀಟರ್ ಹಾಲು ಉಳಿಯಿತು ಎಂಬುದನ್ನು ಡೈರಿಯ ಫಲಕದ ಮೇಲೆ ಬರೆಯಲಿ. ಯಂತ್ರ ಕೆಟ್ಟು ನಿಂತ ದಿನ ಅದನ್ನೂ ಬರೆಯಲಿ.

— ಒಬ್ಬ ಹಾಲು ಉತ್ಪಾದಕ, ಅರಸೀಕೆರೆ ತಾಲ್ಲೂಕು